ಬ್ಲೂಮ್ ಸರ್ಕಾರವನ್ನು ಕೆಡವಿದ್ದು ಮುಷ್ಕರವಲ್ಲ, ಸೆನೆಟ್

ಮಾನ್ಯ ಸಂಪಾದಕರೇ,

ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸ್ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. 1936ರಲ್ಲಿ ಪ್ರಧಾನಿಯಾದ ಸಮಾಜವಾದಿ ನಾಯಕ ಲೆಯಾನ್ ಬ್ಲೂಮ್ ಬಗ್ಗೆ ಅದರಲ್ಲಿರುವುದು ಒಂದೇ ಪ್ಯಾರಾ. ಸಂಬಳ ಸಹಿತ ರಜೆ ಮತ್ತು ವಾರಕ್ಕೆ 40 ಗಂಟೆ ಕೆಲಸ, ಮಾಲೀಕರೂ ಕಾರ್ಮಿಕ ಒಕ್ಕೂಟವೂ ಮಾಡಿಕೊಂಡ ಮಾತಿನ್ಯೋಂ ಒಪ್ಪಂದದಿಂದ ಸಿಕ್ಕವು, ಮುಷ್ಕರಗಳ ಹೊಡೆತಕ್ಕೆ ಅವರ ಸರ್ಕಾರ ಬಿತ್ತು, ರೈಲ್ವೆಯನ್ನು ಅವರೇ ರಾಷ್ಟ್ರೀಕರಣ ಮಾಡಿದರು ಎಂದು ಅದರಲ್ಲಿ ಬರೆಯಲಾಗಿದೆ. ಮೂರೂ ತಪ್ಪು. ಜೊತೆಗೆ ‘ರಾಜಕೀಯಕ್ಕೆ ಒಗ್ಗದ ಕನಸುಗಾರ ಸಾಹಿತಿ’ ಎಂಬ ಷರಾ ಬೇರೆ. ಈ ಷರಾವನ್ನು ಒಪ್ಪಿಕೊಂಡುಬಿಟ್ಟರೆ ಉಳಿದ ತಪ್ಪುಗಳೆಲ್ಲ ಸಹಜವಾಗಿಯೇ ಹಿಂಬಾಲಿಸುತ್ತವೆ. ಹಾಗಾಗಿ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ.

ಬ್ಲೂಮ್ ತಾರುಣ್ಯದಲ್ಲಿ ಪುಸ್ತಕ, ನಾಟಕಗಳ ವಿಮರ್ಶೆ ಬರೆದದ್ದು ನಿಜ. ಆದರೆ ಅವರ ಉದ್ಯೋಗ ಕಾನೂನು. 1895ರಿಂದ 1919ರವರೆಗೆ ಅವರು ಕೋನ್ಸೇಯ್ ದೆತಾದಲ್ಲಿ ಇದ್ದರು. ಸರ್ಕಾರದ ವಿರುದ್ಧ ಜನ ಹೂಡುವ ದಾವೆಗಳನ್ನು ಕೊನೆಯ ಹಂತದಲ್ಲಿ ತೀರ್ಮಾನಿಸುವ ಆಡಳಿತ ನ್ಯಾಯಾಲಯವದು. ಮಸೂದೆಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವುದೂ ಅದರದೇ ಕೆಲಸ. ಅಲ್ಲಿ ‘ಸರ್ಕಾರದ ಕಮಿಷನರ್’ ಎಂಬ ಹುದ್ದೆಯಿತ್ತು (2009ರಲ್ಲಿ ಅದರ ಹೆಸರು ಬದಲಾಯಿತು). ಹೆಸರು ಹಾಗಿದ್ದರೂ ಅವನು ಸರ್ಕಾರದ ವಕೀಲನಲ್ಲ. ತೀರ್ಪಿಗೆ ಮುಂಚೆ ಪ್ರಕರಣದ ಕಾನೂನನ್ನು ಬಿಡಿಸಿಟ್ಟು ಸ್ವತಂತ್ರ ಅಭಿಪ್ರಾಯ ಹೇಳುವವನು. ಬ್ಲೂಮ್ ಆ ಹುದ್ದೆಯಲ್ಲಿದ್ದಾಗ ದಕ್ಷಿಣ ಫ್ರಾನ್ಸಿನ ರೋಕ್ಕೂರ್ಬ್ ಎಂಬ ಸಣ್ಣ ಊರಿನ ಮೊಕದ್ದಮೆಯೊಂದು ಬಂತು. ಊರಹಬ್ಬದ ದಿನ ನದಿಯಲ್ಲಿ ತೇಲುವ ಗುರಿಗಳಿಗೆ ಗುಂಡು ಹಾರಿಸುವ ಸ್ಪರ್ಧೆ ಇಟ್ಟಿದ್ದರು. ಎದುರು ದಡದಲ್ಲಿ ನಡೆದು ಹೋಗುತ್ತಿದ್ದ ಮಹಿಳೆಗೆ ಗುಂಡು ತಗುಲಿತು. ತಪ್ಪು ಮೇಯರ್‌ನದು ಎಂದಾದ ಮೇಲೆ ಊರಿನ ಆಡಳಿತವೂ ಪರಿಹಾರ ಕೊಡಬೇಕೇ ಎಂಬುದು ಪ್ರಶ್ನೆ. ಅಧಿಕಾರಿ ತನ್ನ ಹುದ್ದೆಯ ಬಲದಿಂದಲೇ ಆ ತಪ್ಪು ಮಾಡಲು ಸಾಧ್ಯವಾಗಿದ್ದರೆ ಆಡಳಿತ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ಬ್ಲೂಮ್ ವಾದದ ತಿರುಳು. 1918ರ ಜುಲೈಯಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಫ್ರೆಂಚ್ ಆಡಳಿತ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಇದನ್ನು ಓದುತ್ತಾರೆ. ಕನಸುಗಾರನ ಕೆಲಸವಲ್ಲ ಇದು.

ಮೊದಲ ಮಹಾಯುದ್ಧದ ಕಾಲದಲ್ಲಿ, 1914ರಿಂದ 1916ರವರೆಗೆ, ಅವರು ಲೋಕೋಪಯೋಗಿ ಸಚಿವ ಮಾರ್ಸೆಲ್ ಸಾಂಬಾರ ಕಚೇರಿಯ ಮುಖ್ಯಸ್ಥರಾಗಿದ್ದರು. ಸಚಿವಾಲಯದ ಒಳಗಿನ ಗೊಂದಲ ಕಣ್ಣಾರೆ ಕಂಡವರು. ಪ್ರಧಾನಿಯಾದವನು ಯಾವುದೋ ಒಂದು ಖಾತೆಯನ್ನೂ ಹೊತ್ತುಕೊಂಡು ಅದರ ಕಡತಗಳಲ್ಲೇ ಮುಳುಗಿಹೋಗಬಾರದು, ಎಲ್ಲ ಸಚಿವರ ಕೆಲಸವನ್ನು ಹೊಂದಿಸಲು ಅವನಿಗೊಂದು ಸ್ವಂತ ಕಾರ್ಯಾಲಯ ಬೇಕು ಎಂದು ಯುದ್ಧ ಮುಗಿಯುವ ಮೊದಲೇ ಬರೆದರು. 1936ರಲ್ಲಿ ಅದನ್ನೇ ಮಾಡಿದರು: ಖಾತೆಯಿಲ್ಲದ ಪ್ರಧಾನಿ, ಮಾತಿನ್ಯೋಂ ಭವನದಲ್ಲಿ ಕಾರ್ಯಾಲಯ, ಅದಕ್ಕೆ ಪ್ರಧಾನ ಕಾರ್ಯದರ್ಶಿಯಾಗಿ ಜೂಲ್ ಮೋಕ್.

ಪಕ್ಷದೊಳಗೆ ಅವರ ಹೆಸರು ನಿಂತದ್ದು 1920ರ ಡಿಸೆಂಬರ್‌ನಲ್ಲಿ ತೂರ್ ನಗರದ ಅಧಿವೇಶನದಲ್ಲಿ. ಮಾಸ್ಕೋದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಸೇರಬೇಕೆಂಬ ನಿರ್ಣಯಕ್ಕೆ 3,208 ಮತ, ಷರತ್ತು ಹಾಕಿ ಸೇರೋಣವೆಂದ ಲೋಂಗೆ ಬಣದ ನಿರ್ಣಯಕ್ಕೆ 1,022. ಬ್ಲೂಮ್ ಬಣ ಮತ ಹಾಕಲೇ ಇಲ್ಲ. ಮಾಸ್ಕೋದ ಷರತ್ತುಗಳನ್ನು ಒಂದೊಂದಾಗಿ ಎತ್ತಿಕೊಂಡು, ಇದು ಪಕ್ಷವಲ್ಲ, ಮೇಲಿನಿಂದ ಆಜ್ಞೆ ಪಡೆಯುವ ಗುಪ್ತ ಸಂಘಟನೆಯಾಗುತ್ತದೆ ಎಂದು ಅವರು ಎಚ್ಚರಿಸಿದರು. ಸೋತರು. ಬಹುಮತದ ಜೊತೆಗೆ ಪಕ್ಷದ ಪತ್ರಿಕೆ ‘ಲ್ಯುಮಾನಿತೆ’ಯೂ ಕಮ್ಯುನಿಸ್ಟರ ಪಾಲಾಯಿತು. ಉಳಿದವರ ಕೈಯಲ್ಲಿದ್ದದ್ದು ‘ಲ ಪೊಪ್ಯುಲೇರ್’ ಎಂಬ ಬಡ ಪತ್ರಿಕೆ ಮತ್ತು ಸಂಸತ್ತಿಗೆ ಗೆದ್ದವರಲ್ಲಿ ಹೆಚ್ಚಿನವರು. ಮುಂದಿನ ವರ್ಷಗಳಲ್ಲಿ ಬ್ಲೂಮ್ ಪಕ್ಷವನ್ನು ಕಟ್ಟಿದ್ದು ಆ ಪತ್ರಿಕೆಯ ಅಗ್ರಲೇಖನಗಳಿಂದ ಮತ್ತು ಸದನದ ಭಾಷಣಗಳಿಂದ.

1924ರಲ್ಲಿ ಎಡಪಂಥದ ಕೂಟ ಗೆದ್ದಾಗ, ಹೆಸರು ಹಾಗಿದ್ದರೂ ಮಧ್ಯಮಮಾರ್ಗದ್ದಾದ ರಾಡಿಕಲ್ ಪಕ್ಷದ ಎದುವಾರ್ ಎರಿಯೋ ಪ್ರಧಾನಿಯಾದರು. ಬ್ಲೂಮ್ ಬೆಂಬಲ ಕೊಟ್ಟರು, ಸಚಿವ ಸ್ಥಾನ ಬೇಡವೆಂದರು. ಇದನ್ನು ಅಧಿಕಾರದ ಭಯ ಎಂದವರಿದ್ದಾರೆ. 1926ರಲ್ಲಿ ಅವರು ತಮ್ಮ ಲೆಕ್ಕಾಚಾರವನ್ನು ಸ್ಪಷ್ಟಪಡಿಸಿದರು: ಅಧಿಕಾರವನ್ನು ‘ವಶಪಡಿಸಿಕೊಳ್ಳುವುದು’ ಬೇರೆ, ‘ನಿರ್ವಹಿಸುವುದು’ ಬೇರೆ. ಮೊದಲನೆಯದು ಸಮಾಜದ ಬುಡವನ್ನೇ ಬದಲಿಸುವ ಕ್ರಾಂತಿ. ಎರಡನೆಯದು ಇರುವ ವ್ಯವಸ್ಥೆಯೊಳಗೆ, ಇರುವ ಕಾನೂನಿನಂತೆ ನಡೆಸುವ ಸರ್ಕಾರ. ಅದನ್ನು ಹಿಡಿಯುವುದಾದರೆ ಸಮಾಜವಾದಿಗಳೇ ಕೂಟದ ದೊಡ್ಡ ಪಕ್ಷವಾಗಿರಬೇಕು. ಇದು ಬರೀ ತತ್ವವಲ್ಲ, 1937ರ ಜೂನ್‌ನಲ್ಲಿ ಸರ್ಕಾರ ಬೀಳುವಾಗ ಅವರ ಕೈ ಕಟ್ಟಿಹಾಕಿದ್ದೂ ಇದೇ ಮಾತು.

ಅವರ ಚುನಾವಣಾ ಬದುಕೂ ಸುಗಮವಾಗಿರಲಿಲ್ಲ. 1928ರಲ್ಲಿ ಪ್ಯಾರಿಸ್‌ನ ಕಾರ್ಮಿಕ ಕ್ಷೇತ್ರದಲ್ಲಿ ಕಮ್ಯುನಿಸ್ಟ್ ಪಕ್ಷದ ಜಾಕ್ ದ್ಯುಕ್ಲೋ ಎದುರು ಸೋತರು. ಮರುವರ್ಷ ಉಪಚುನಾವಣೆಯಲ್ಲಿ ನಾರ್ಬೋನ್‌ನಿಂದ ಗೆದ್ದರು. ಅದು ದಕ್ಷಿಣದ ದ್ರಾಕ್ಷಿ ಬೆಳೆಗಾರರ ನಾಡು. ಪ್ಯಾರಿಸ್‌ನಲ್ಲೇ ಹುಟ್ಟಿ ಬೆಳೆದ ವಕೀಲ ಮುಂದೆ ವೈನ್ ಬೆಲೆಯ ಬಗ್ಗೆ ಸದನದಲ್ಲಿ ಮಾತಾಡಬೇಕಾಯಿತು.

1934ರ ಫೆಬ್ರವರಿ 6ರಂದು ಬಲಪಂಥೀಯ ಲೀಗ್‌ಗಳು ಸಂಸತ್ತಿನ ಮುಂದೆ ಗಲಭೆ ಎಬ್ಬಿಸಿದ ಮೇಲೆ ಎಡಪಕ್ಷಗಳು ಹತ್ತಿರ ಬಂದವು. ಜುಲೈ 27ರಂದು ಸಮಾಜವಾದಿಗಳೂ ಕಮ್ಯುನಿಸ್ಟರೂ ಒಪ್ಪಂದಕ್ಕೆ ಸಹಿ ಹಾಕಿದರು, ಮರುವರ್ಷ ರಾಡಿಕಲ್ ಪಕ್ಷವೂ ಸೇರಿಕೊಂಡಿತು. ಅದೇ ಪಾಪ್ಯುಲರ್ ಫ್ರಂಟ್. 1936ರ ಏಪ್ರಿಲ್ 26 ಮತ್ತು ಮೇ 3ರಂದು ಎರಡು ಸುತ್ತಿನ ಮತದಾನ. ಎರಡನೇ ಸುತ್ತಿನಲ್ಲಿ ಮುಂದಿರುವ ಎಡ ಅಭ್ಯರ್ಥಿಗೆ ಉಳಿದವರು ಜಾಗ ಬಿಡಬೇಕೆಂಬ ಕರಾರು ಬಹುಮಟ್ಟಿಗೆ ಪಾಲನೆಯಾಯಿತು. ಇಲ್ಲಿ ಸಂಖ್ಯೆಗಳನ್ನು ಗಮನವಿಟ್ಟು ನೋಡಬೇಕು. ಕಮ್ಯುನಿಸ್ಟರಿಗೆ 72 ಸ್ಥಾನ, ಸಮಾಜವಾದಿಗಳಿಗೆ ಸುಮಾರು 150. ಇಬ್ಬರೂ ಸೇರಿದರೆ 220ರ ಆಸುಪಾಸು. ಸದನದ ಒಟ್ಟು ಬಲವೋ 600ಕ್ಕೂ ಮೇಲೆ. ಅಂದರೆ ನೂರಕ್ಕೂ ಹೆಚ್ಚಿನ ರಾಡಿಕಲ್ ಸದಸ್ಯರಿಲ್ಲದೆ ಸರ್ಕಾರವೇ ಇಲ್ಲ. ಆ ರಾಡಿಕಲ್‌ಗಳ ಮತದಾರರು ಅಂಗಡಿಯವರು, ಸಣ್ಣ ರೈತರು, ಉಳಿತಾಯದ ಬಾಂಡ್ ಇಟ್ಟುಕೊಂಡವರು. ಅವರ ಪಕ್ಷ ಈ ಚುನಾವಣೆಯಲ್ಲಿ ಮತ ಕಳೆದುಕೊಂಡು ಅಂಜಿಕೊಂಡಿತ್ತು. ಇನ್ನು ಕಮ್ಯುನಿಸ್ಟರು ಬೆಂಬಲ ಕೊಡುತ್ತೇವೆ, ಸಚಿವ ಸ್ಥಾನ ಬೇಡ ಎಂದರು. 1924ರಲ್ಲಿ ಎರಿಯೋಗೆ ಬ್ಲೂಮ್ ಕುಡಿಸಿದ ಮದ್ದನ್ನು ಈಗ ಬ್ಲೂಮ್ ಕುಡಿಯಬೇಕಾಯಿತು.

ಫಲಿತಾಂಶ ಬಂದ ಮೇಲೂ ಅವರು ಒಂದು ತಿಂಗಳು ಕಾದರು. ಹಳೆಯ ಸದನದ ಅವಧಿ ಮುಗಿಯುವವರೆಗೆ ಹೊಸ ಸರ್ಕಾರ ಬರಬಾರದೆಂಬ ರೂಢಿಯನ್ನು ಮೀರಲಿಲ್ಲ. ಆ ತಿಂಗಳಲ್ಲೇ ಕಾರ್ಖಾನೆಗಳು ನಿಂತವು. ಮೇ 11ರಂದು ಲ ಆವ್ರ್‌ನ ಬ್ರೆಗೆ ವಿಮಾನ ಕಾರ್ಖಾನೆಯಲ್ಲಿ ಶುರುವಾದದ್ದು ಜೂನ್ ಹೊತ್ತಿಗೆ ಇಪ್ಪತ್ತು ಲಕ್ಷದ ಸಮೀಪದ ಕಾರ್ಮಿಕರ ಮುಷ್ಕರವಾಯಿತು. ಕೆಲಸ ನಿಲ್ಲಿಸಿ ಮನೆಗೆ ಹೋಗುವುದಲ್ಲ, ಕಾರ್ಖಾನೆಯೊಳಗೇ ಉಳಿಯುವುದು. ಹೀಗಾಗಿ ಬದಲಿ ಕೆಲಸಗಾರರನ್ನು ತಂದು ಮುಷ್ಕರ ಮುರಿಯುವ ದಾರಿ ಮಾಲೀಕರಿಗೆ ಮುಚ್ಚಿಹೋಯಿತು. ಕಾಲಗಣನೆ ಇಲ್ಲಿ ಮುಖ್ಯ. ಈ ಅಲೆ ಎದ್ದದ್ದು ಬ್ಲೂಮ್ ಪ್ರಧಾನಿಯಾಗುವ ಮೊದಲು, ಇಳಿದದ್ದು ಅವರು ಬಂದ ಮೇಲೆ. ಸರ್ಕಾರ ಬಿದ್ದದ್ದು ಅದಾಗಿ ವರ್ಷದ ನಂತರ.

ಈಗ ಮಾತಿನ್ಯೋಂ. ಜೂನ್ 7ರ ಮಧ್ಯಾಹ್ನದಿಂದ ಆ ರಾತ್ರಿಯವರೆಗೆ ಮಾಲೀಕರ ಒಕ್ಕೂಟ ಮತ್ತು ಸೆಜೆಟೆ ಕಾರ್ಮಿಕ ಒಕ್ಕೂಟ ಪ್ರಧಾನಿಯ ಮೇಜಿನ ಸುತ್ತ ಕೂತವು. ಮಾತುಕತೆಗೆ ದಾರಿ ಮಾಡಿದವರಲ್ಲಿ ಉಕ್ಕು ಉದ್ಯಮದ ಪ್ರತಿನಿಧಿ ಲಾಂಬೆರ್-ರಿಬೋ ಒಬ್ಬರು. ಕೋನ್ಸೇಯ್ ದೆತಾದಲ್ಲಿ ಬ್ಲೂಮ್ ಅವರ ಹಳೆಯ ಸಹೋದ್ಯೋಗಿ. ಒಪ್ಪಂದದಲ್ಲಿ ಇದ್ದದ್ದು ಇಷ್ಟು: ಸಾಮೂಹಿಕ ಕರಾರು, ಕಾರ್ಮಿಕ ಸಂಘ ಸೇರುವ ಹಕ್ಕು, ಹತ್ತಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಚುನಾಯಿತ ಪ್ರತಿನಿಧಿಗಳು, ಮುಷ್ಕರಕ್ಕಾಗಿ ಯಾರ ಮೇಲೂ ಸೇಡಿನ ಕ್ರಮ ಬೇಡ, ಮತ್ತು ಕೂಲಿ ಏರಿಕೆ. ಅತಿ ಕಡಿಮೆ ಕೂಲಿಯವರಿಗೆ ಶೇ 15, ಅತಿ ಹೆಚ್ಚಿನವರಿಗೆ ಶೇ 7, ಒಂದು ಸಂಸ್ಥೆಯ ಒಟ್ಟು ಕೂಲಿ ವೆಚ್ಚ ಶೇ 12ಕ್ಕಿಂತ ಮೇಲೇರಬಾರದು. ರಜೆಯ ಮಾತೂ ಇಲ್ಲ, 40 ಗಂಟೆಯ ಮಾತೂ ಇಲ್ಲ. ಅವು ಸಂಸತ್ತು ಮಾಡಿದ ಕಾನೂನುಗಳು: ಜೂನ್ 20ರದು ಸಂಬಳ ಸಹಿತ ರಜೆ, ಜೂನ್ 21ರದು 40 ಗಂಟೆ. ವರ್ಷ ಪೂರ್ತಿ ದುಡಿದವನಿಗೆ ಹದಿನೈದು ದಿನ ರಜೆ, ಅದರಲ್ಲಿ ಕನಿಷ್ಠ ಹನ್ನೆರಡು ಕೆಲಸದ ದಿನಗಳು. ತಮಾಷೆಯೆಂದರೆ ಪಾಪ್ಯುಲರ್ ಫ್ರಂಟಿನ ಜನವರಿ ಪ್ರಣಾಳಿಕೆಯಲ್ಲೂ ಈ ರಜೆ ಇರಲಿಲ್ಲ. ಕ್ರೀಡೆ ಮತ್ತು ವಿರಾಮದ ಹೊಣೆ ಹೊತ್ತ ಲೆಯೋ ಲಗ್ರಾಂಜ್ ಶೇ 40 ರಿಯಾಯಿತಿಯ ರೈಲು ಟಿಕೆಟ್ ತಂದರು. ರಜೆ ಸಿಕ್ಕರೂ ಪ್ರಯಾಣಕ್ಕೆ ದುಡ್ಡಿಲ್ಲದಿದ್ದರೆ ಪ್ರಯೋಜನವೇನು ಎಂಬುದು ಅವರಿಗೆ ಗೊತ್ತಿತ್ತು.

ಎಡವಿದ್ದೆಲ್ಲಿ? ನನ್ನ ಮಟ್ಟಿಗೆ, ಒಂದೊಂದು ಕ್ರಮದಲ್ಲಿ ಅಲ್ಲ, ಅವು ಬಂದ ಸರದಿಯಲ್ಲಿ. 1919ರ ಕಾನೂನಿನಂತೆ ವಾರಕ್ಕೆ 48 ಗಂಟೆ ಕೆಲಸವಿತ್ತು. ಅದೇ ವಾರದ ಕೂಲಿಗೆ 40 ಗಂಟೆ ಎಂದರೆ ಗಂಟೆಯ ಕೂಲಿ ಶೇ 20 ಏರಿದಂತೆ. ಅದರ ಮೇಲೆ ಮಾತಿನ್ಯೋಂನ ಶೇ 12 ಸೇರಿದರೆ ಏರಿಕೆ ಶೇ 34ರ ಹತ್ತಿರ. ಇದು ಕಾಗದದ ಮೇಲಿನ ಗರಿಷ್ಠ ಲೆಕ್ಕ. ಮಂದಗತಿಯ ಕಾಲವಾದ್ದರಿಂದ ಎಷ್ಟೋ ಕಾರ್ಖಾನೆಗಳಲ್ಲಿ 48 ಗಂಟೆ ಕೆಲಸವೇ ಇರಲಿಲ್ಲ. ಆದರೂ ಉತ್ಪಾದನಾ ವೆಚ್ಚ ಎತ್ತ ಸಾಗಿತ್ತು ಎಂಬುದು ಗೊತ್ತಾಗುತ್ತದೆ. ಕಾನೂನು ಒಂದೊಂದು ಉದ್ಯಮಕ್ಕೂ ಬೇರೆ ಬೇರೆ ಆದೇಶ ಹೊರಡಿಸಲು ಬಿಟ್ಟಿತ್ತು. ದಿನಕ್ಕೆ 6 ಗಂಟೆ 40 ನಿಮಿಷದಂತೆ ಆರು ದಿನವೂ ಆಗಬಹುದಿತ್ತು. ಸಂಘಗಳು ಎಂಟು ಗಂಟೆಯ ಐದು ದಿನಕ್ಕೇ ಪಟ್ಟು ಹಿಡಿದವು. ಆಗ ವಾರಕ್ಕೆ ಎರಡು ದಿನ ಯಂತ್ರಗಳು ನಿಂತವು. ಉಳಿದ ಗಂಟೆಗಳನ್ನು ನಿರುದ್ಯೋಗಿಗಳು ತುಂಬುತ್ತಾರೆ ಎಂಬ ಲೆಕ್ಕವೂ ತಲೆಕೆಳಗಾಯಿತು. ಲೋಹ ಉದ್ಯಮಕ್ಕೆ ಬೇಕಿದ್ದದ್ದು ನುರಿತ ಫಿಟರ್, ಟರ್ನರ್‌ಗಳು. ಕೆಲಸ ಕಳೆದುಕೊಂಡವರು ಬೇರೆ ಊರಿನವರು, ಬೇರೆ ಕಸುಬಿನವರು. ಅದೇ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಾಲ್ಕು ವರ್ಷಕ್ಕೆ 1,400 ಕೋಟಿ ಫ್ರಾಂಕ್‌ಗಳ ಸೇನಾ ಯೋಜನೆಯನ್ನು ಒಪ್ಪಿತ್ತು, ಅದಕ್ಕೂ ಇದೇ ನುರಿತ ಕೈಗಳು ಬೇಕು.

ವೆಚ್ಚ ಏರಿದಾಗ ನಾಣ್ಯದ ಬೆಲೆ ಇಳಿಯದಿದ್ದರೆ ರಫ್ತು ಸಾಯುತ್ತದೆ. ಬ್ರಿಟನ್ 1931ರಲ್ಲೇ ಪೌಂಡನ್ನು ಚಿನ್ನದಿಂದ ಬಿಡಿಸಿತ್ತು, ಅಮೆರಿಕ ಅದರ ಬೆನ್ನಿಗೇ ಡಾಲರ್ ಇಳಿಸಿತ್ತು. ಫ್ರಾಂಕ್ ಮಾತ್ರ 1928ರ 65.5 ಮಿಲಿಗ್ರಾಂ ಚಿನ್ನದ ಮಟ್ಟಕ್ಕೇ ಅಂಟಿಕೊಂಡಿತ್ತು. ಲಂಡನ್ ರಾಯಭಾರ ಕಚೇರಿಯ ಹಣಕಾಸು ಅಧಿಕಾರಿ ಎಮಾನ್ಯುಯೆಲ್ ಮೋನಿಕ್ ಆರಂಭದಲ್ಲೇ ಬ್ಲೂಮ್‌ಗೆ ನೇರವಾಗಿ ಹೇಳಿದ್ದರು: ಈ ಕಾರ್ಯಕ್ರಮ ನಡೆಯಬೇಕಾದರೆ ಒಂದೋ ಅಪಮೌಲ್ಯ ಮಾಡಿ, ಇಲ್ಲವೇ ಗಡಿಗಳನ್ನು ಮುಚ್ಚಿ ವಿದೇಶಿ ವಿನಿಮಯವನ್ನು ಬಿಗಿಹಿಡಿಯಿರಿ. ಬ್ಲೂಮ್ ಜೂನ್‌ನಲ್ಲಿ ಎರಡನ್ನೂ ಮಾಡಲಿಲ್ಲ. ಅಪಮೌಲ್ಯ ಮಾಡುವುದಿಲ್ಲವೆಂದು ಮಾತು ಕೊಟ್ಟಿದ್ದರು. ವಿನಿಮಯ ನಿಯಂತ್ರಣವನ್ನು ರಾಡಿಕಲ್‌ಗಳು ಒಪ್ಪುತ್ತಿರಲಿಲ್ಲ, ಲಂಡನ್ ಮತ್ತು ವಾಷಿಂಗ್ಟನ್‌ಗೂ ಅದು ಹಿಡಿಸುತ್ತಿರಲಿಲ್ಲ. ಬೇಸಿಗೆಯಿಡೀ ಚಿನ್ನ ಹೊರಗೆ ಹರಿಯಿತು. ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳ ಜೊತೆ ತ್ರಿಪಕ್ಷೀಯ ಹೊಂದಾಣಿಕೆ ಮಾಡಿಕೊಂಡು, ಅಕ್ಟೋಬರ್ 1ರ ಕಾನೂನಿನ ಮೂಲಕ ಫ್ರಾಂಕನ್ನು 43ರಿಂದ 49 ಮಿಲಿಗ್ರಾಂ ನಡುವೆ ಇಳಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಮನೆಯಲ್ಲಿ ಚಿನ್ನ ಕೂಡಿಟ್ಟವರು ಹಳೆಯ ದರಕ್ಕೇ ಒಪ್ಪಿಸಬೇಕೆಂಬ ವಿಧಿಯೂ ಆ ಕಾನೂನಿನಲ್ಲಿತ್ತು. ನ್ಯಾಯವಾದದ್ದೇ, ಆದರೆ ಫಲ ಉಲ್ಟಾ ಆಯಿತು: ಹೊರಗಿದ್ದ ಚಿನ್ನ ಹೊರಗೇ ಉಳಿಯಿತು. 1937ರ ಮಾರ್ಚ್‌ನಲ್ಲಿ ಆ ವಿಧಿಯನ್ನು ಕೈಬಿಟ್ಟು ಚಿನ್ನದ ವ್ಯಾಪಾರವನ್ನು ಮುಕ್ತಗೊಳಿಸಿದರು. ಅಷ್ಟರಲ್ಲಿ ಜೂನ್‌ನ ಕೂಲಿ ಏರಿಕೆಯ ದೊಡ್ಡ ಪಾಲನ್ನು ಬೆಲೆಗಳು ನುಂಗಿದ್ದವು.

ಇದಕ್ಕೆ ಮೊದಲೇ, ಫೆಬ್ರವರಿಯಲ್ಲಿ, ಬ್ಲೂಮ್ ‘ವಿರಾಮ’ ಘೋಷಿಸಿದ್ದರು: ಹೊಸ ಸುಧಾರಣೆಗಳು ಸದ್ಯಕ್ಕಿಲ್ಲ. ಬಂಡವಾಳದವರನ್ನು ಸಮಾಧಾನಪಡಿಸಲು ಮಾಡಿದ್ದು. ಅವರಿಗೆ ಸಮಾಧಾನವಾಗಲಿಲ್ಲ, ಕಾರ್ಮಿಕರು ಮುನಿಸಿಕೊಂಡರು. ಮಾರ್ಚ್ 16ರಂದು ಪ್ಯಾರಿಸ್ ಪಕ್ಕದ ಕ್ಲಿಷಿಯಲ್ಲಿ ಬಲಪಂಥೀಯರ ಸಭೆಯ ವಿರುದ್ಧ ಸೇರಿದ್ದ ಎಡಪಂಥೀಯ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ ಐವರು ಸತ್ತರು. ಪ್ರಧಾನಿಯ ಕಚೇರಿಯ ಮುಖ್ಯಸ್ಥ ಆಂದ್ರೆ ಬ್ಲುಮೆಲ್ ಅವರಿಗೇ ಗುಂಡೇಟು ಬಿತ್ತು. ಒಪೆರಾದಲ್ಲಿದ್ದ ಬ್ಲೂಮ್ ಹಾಕಿದ್ದ ಉಡುಪಿನಲ್ಲೇ ಆಸ್ಪತ್ರೆಗೆ ಧಾವಿಸಿದರು; ಎದುರಾಳಿ ಪತ್ರಿಕೆಗಳು ಆ ಉಡುಪನ್ನೂ ಬಿಡಲಿಲ್ಲ. ಈ ಪತ್ರಿಕೆಗಳ ನಾಲಿಗೆ ಎಂಥದೆಂದು ನೆನಪಿಸಬೇಕಾದರೆ, ಗೃಹ ಸಚಿವ ರೋಜೆ ಸಲಾಂಗ್ರೋ ಮಹಾಯುದ್ಧದ ಕಾಲದಲ್ಲಿ ಸೈನ್ಯ ಬಿಟ್ಟು ಶತ್ರುವಿನ ಕಡೆ ಓಡಿಹೋಗಿದ್ದರೆಂದು ‘ಗ್ರಾಂಗ್ವಾರ್’ ವಾರಪತ್ರಿಕೆ ಸುಳ್ಳು ಹಬ್ಬಿಸಿತು; ಸದನ ಅವರನ್ನು ನಿರ್ದೋಷಿ ಎಂದರೂ 1936ರ ನವೆಂಬರ್‌ನಲ್ಲಿ ಅವರು ಲಿಲ್‌ನ ತಮ್ಮ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಆಮೇಲೆ ಮಾನಹಾನಿಯ ವಿರುದ್ಧ ತಂದ ಪತ್ರಿಕಾ ಮಸೂದೆ ಕೆಳಮನೆಯಲ್ಲಿ ಪಾಸಾಗಿ, ಮೇಲ್ಮನೆಯಾದ ಸೆನೆಟ್‌ನಲ್ಲಿ ಸಿಕ್ಕಿಬಿತ್ತು. ಸ್ಪೇನಿನ ಅಂತರ್ಯುದ್ಧ ಮತ್ತು ಅಲ್ಲಿಗೆ ಶಸ್ತ್ರ ಕಳಿಸದ ನಿರ್ಧಾರ ಇನ್ನೊಂದು ದೊಡ್ಡ ಗಾಯ, ಅದಕ್ಕೆ ಬೇರೆಯೇ ಪತ್ರ ಬೇಕು.

1937ರ ಜೂನ್ ಮಧ್ಯದಲ್ಲಿ ಸರ್ಕಾರವೇ ನೇಮಿಸಿಕೊಂಡಿದ್ದ ಹಣಕಾಸು ತಜ್ಞರಾದ ರಿಸ್ಟ್ ಮತ್ತು ಬೋದ್ವೆಂ ರಾಜೀನಾಮೆ ಕೊಟ್ಟರು. ಬೊಕ್ಕಸ ಬರಿದಾಗುತ್ತಿತ್ತು. ಜುಲೈ ಕೊನೆಯವರೆಗೆ ಹಣಕಾಸು ವಿಷಯದಲ್ಲಿ ಆದೇಶಗಳ ಮೂಲಕ ಆಳುವ ಅಧಿಕಾರ ಬೇಕೆಂದು ಬ್ಲೂಮ್ ಕೇಳಿದರು. ಕೆಳಮನೆ ಒಪ್ಪಿತು. ಸೆನೆಟ್ ಒಪ್ಪಲಿಲ್ಲ, ಕೆಳಮನೆ ಎರಡನೇ ಸಲ ಪಾಸು ಮಾಡಿ ಕಳಿಸಿದಾಗಲೂ ಒಪ್ಪಲಿಲ್ಲ. ಜೂನ್ 21ರ ರಾತ್ರಿ ಸರ್ಕಾರ ರಾಜೀನಾಮೆಗೆ ತೀರ್ಮಾನಿಸಿತು.

ನಿಮ್ಮ ಲೇಖಕರು ಪೂರ್ತಿ ಮರೆತಿರುವ ಈ ಮೇಲ್ಮನೆಯ ರಚನೆ ಗೊತ್ತಿಲ್ಲದೆ ಬ್ಲೂಮ್ ಸೋಲು ಅರ್ಥವಾಗುವುದಿಲ್ಲ. ಸೆನೆಟರ್‌ಗಳ ಅವಧಿ ಒಂಬತ್ತು ವರ್ಷ, ಮೂರು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗಕ್ಕಷ್ಟೇ ಚುನಾವಣೆ. 1936ರ ಜನತೀರ್ಪು ಅವರನ್ನು ಸೋಕಲೇ ಇಲ್ಲ. ಆರಿಸುವವರೂ ಜನರಲ್ಲ, ಪುರಸಭೆಗಳ ಪ್ರತಿನಿಧಿಗಳೇ ಮತದಾರರಲ್ಲಿ ಬಹುಪಾಲು. 1884ರ ಕಾನೂನಿನಂತೆ ಹತ್ತು ಸದಸ್ಯರ ಹಳ್ಳಿಯ ಸಭೆಗೆ ಒಬ್ಬ ಪ್ರತಿನಿಧಿ, ಲಕ್ಷಗಟ್ಟಲೆ ಜನರಿರುವ ನಗರಕ್ಕೆ 24, ಇಡೀ ಪ್ಯಾರಿಸ್‌ಗೆ 30. ಮೂವತ್ತು ಪುಟ್ಟ ಹಳ್ಳಿಗಳು ಸೇರಿದರೆ ಪ್ಯಾರಿಸ್‌ಗೆ ಸಮ. ಕೆಳಮನೆಯನ್ನು ವಿಸರ್ಜಿಸಬೇಕಾದರೂ ಸೆನೆಟ್ ಒಪ್ಪಬೇಕು. ಸೆನೆಟನ್ನು ವಿಸರ್ಜಿಸುವ ದಾರಿಯೇ ಸಂವಿಧಾನದಲ್ಲಿರಲಿಲ್ಲ. 1875ರ ಕಾನೂನು ಸಚಿವರು ‘ಸದನಗಳಿಗೆ’ ಹೊಣೆ ಎಂದು ಬಹುವಚನದಲ್ಲೇ ಹೇಳುತ್ತದೆ. 1925ರಲ್ಲಿ ಎರಿಯೋ, 1930ರಲ್ಲಿ ತಾರ್ದಿಯೂ, 1932ರಲ್ಲಿ ಲಾವಾಲ್ ಹೀಗೇ ಸೆನೆಟ್‌ನಲ್ಲಿ ಬಿದ್ದವರು. ಆದ್ದರಿಂದ ಇದನ್ನು ಎಡಪಂಥದ ವಿರುದ್ಧದ ಪಿತೂರಿ ಎಂದಷ್ಟೇ ಹೇಳಿ ಮುಗಿಸುವುದೂ ಸರಿಯಲ್ಲ. ಹಣಕಾಸು ಸಮಿತಿಯ ಅಧ್ಯಕ್ಷ ಜೋಸೆಫ್ ಕಯ್ಯೋ ಮುಂದೆ ನಿಂತು ಬ್ಲೂಮ್ ಮಸೂದೆಯನ್ನು ಕೊಂದರು. ಮಹಾಯುದ್ಧಕ್ಕೆ ಮೊದಲು ಆದಾಯ ತೆರಿಗೆಗಾಗಿ ಇದೇ ಸೆನೆಟ್ ಜೊತೆ ಗುದ್ದಾಡಿದ ಕಯ್ಯೋ ಅವರೇ ಇವರು.

ಒಂದು ವರ್ಷದ ಹಿಂದೆ ಇದೇ ಸೆನೆಟ್ 40 ಗಂಟೆ, ರಜೆ ಎಲ್ಲಕ್ಕೂ ತಲೆಯಾಡಿಸಿತ್ತು. ಆಗ ಕಾರ್ಖಾನೆಗಳು ಕಾರ್ಮಿಕರ ಕೈಯಲ್ಲಿದ್ದವು. 1937ರಲ್ಲಿ ಅವು ಶಾಂತವಾಗಿದ್ದವು, ಸೆನೆಟ್‌ಗೆ ಧೈರ್ಯ ಬಂತು. ಮುಷ್ಕರ ಬ್ಲೂಮ್‌ರನ್ನು ಕೆಡವಿತು ಎನ್ನುವವರು ಈ ಒಂದು ಅಂಶವನ್ನು ಯೋಚಿಸಲಿ.

ಪ್ರತಿಭಟನೆಗೆ ಜನರನ್ನು ಬೀದಿಗೆ ಕರೆಯಬೇಕೆಂದು ಪಕ್ಷದ ಎಡಬಣದ ಮಾರ್ಸೋ ಪಿವೇರ್ ಅಂಥವರು ಬಯಸಿದರು. ಬ್ಲೂಮ್ ಒಪ್ಪಲಿಲ್ಲ. ಅಧಿಕಾರ ‘ನಿರ್ವಹಣೆ’ಗೆ ಬಂದವನು ಕಾನೂನಿನೊಳಗೇ ಹೋಗಬೇಕು ಎಂಬ 1926ರ ಮಾತು ಒಂದು ಕಡೆ. ಸೆನೆಟ್ ವಿರುದ್ಧ ಹೋರಾಡಲು ರಾಡಿಕಲ್ ಸಚಿವರು ತಯಾರಿಲ್ಲ, ಅವರು ಎದ್ದುಹೋದರೆ ಕೆಳಮನೆಯ ಬಹುಮತವೂ ಹೋಗುತ್ತದೆ ಎಂಬ ಲೆಕ್ಕ ಇನ್ನೊಂದು ಕಡೆ. ಅವರ ಜಾಗದಲ್ಲಿ ಬೇರೆಯವರಿದ್ದರೂ ಆ ರಾತ್ರಿ ಹೆಚ್ಚೇನೂ ಮಾಡಲಾಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅವಕಾಶವಿದ್ದದ್ದು ಹಿಂದಿನ ಜೂನ್‌ನಲ್ಲಿ, ಫ್ರಾಂಕ್ ಇಳಿಸುವುದಕ್ಕೆ.

1938ರ ಮಾರ್ಚ್ 13ರಂದು, ಹಿಟ್ಲರ್ ಆಸ್ಟ್ರಿಯಾವನ್ನು ನುಂಗುತ್ತಿದ್ದ ಹೊತ್ತಿಗೆ, ಬ್ಲೂಮ್ ಮತ್ತೆ ಪ್ರಧಾನಿಯಾದರು. ಕಮ್ಯುನಿಸ್ಟರಿಂದ ಬಲಪಂಥದವರೆಗೆ ಎಲ್ಲರೂ ಸೇರಿದ ಸರ್ಕಾರ ಕಟ್ಟೋಣವೆಂದು ಕೇಳಿಕೊಂಡರು, ಬಲಪಂಥ ತಿರಸ್ಕರಿಸಿತು. ಈ ಸಲ ಪಾಠ ಕಲಿತಿದ್ದರು. ಯುವಕ ಪಿಯೇರ್ ಮೆಂಡೆಸ್ ಫ್ರಾನ್ಸ್ ಬೊಕ್ಕಸದ ಉಪಸಚಿವರಾಗಿ ಸಿದ್ಧಪಡಿಸಲು ನೆರವಾದ ಯೋಜನೆಯಲ್ಲಿ ಶಸ್ತ್ರ ಉತ್ಪಾದನೆಯನ್ನೇ ಆರ್ಥಿಕತೆಯ ಎಂಜಿನ್ ಮಾಡುವ ಆಲೋಚನೆಯಿತ್ತು, ಬಂಡವಾಳದ ಮೇಲೆ ತೆರಿಗೆಯಿತ್ತು, ವಿನಿಮಯದ ಮೇಲೆ ಹಿಡಿತವೂ ಇತ್ತು. ಏಪ್ರಿಲ್ 8ರಂದು ಸೆನೆಟ್ ಭಾರಿ ಬಹುಮತದಿಂದ ತಿರಸ್ಕರಿಸಿತು. ನಾಲ್ಕು ವಾರವೂ ತುಂಬಿರಲಿಲ್ಲ.

ಕೊನೆಯದಾಗಿ ರೈಲ್ವೆ. ಬ್ಲೂಮ್ ಸರ್ಕಾರ 1936ರ ಆಗಸ್ಟ್‌ನ ಕಾನೂನಿನಿಂದ ರಾಷ್ಟ್ರೀಕರಣ ಮಾಡಿದ್ದು ಶಸ್ತ್ರಾಸ್ತ್ರ ಉದ್ಯಮವನ್ನು. ರೈಲ್ವೆ ಕಂಪನಿಗಳನ್ನು ಒಗ್ಗೂಡಿಸಿ ಎಸ್‌ಎನ್‌ಸಿಎಫ್ ಎಂಬ ರಾಷ್ಟ್ರೀಯ ರೈಲ್ವೆ ಕಂಪನಿ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1937ರ ಆಗಸ್ಟ್ 31ರಂದು, ಕಮೀಯ್ ಶೋತಾಂ ಪ್ರಧಾನಿಯಾಗಿದ್ದಾಗ. ಬ್ಲೂಮ್ ಆ ಸಂಪುಟದಲ್ಲಿ ಉಪಪ್ರಧಾನಿ. ಹೊಸ ಕಂಪನಿ ಕೆಲಸ ಶುರು ಮಾಡಿದ್ದು 1938ರ ಜನವರಿ 1ರಂದು, ಅದರಲ್ಲಿ ಸರ್ಕಾರದ ಪಾಲು ಶೇ 51, ಉಳಿದದ್ದು ಹಳೆಯ ಕಂಪನಿಗಳದು. ಮುಂದಿನ ಸಂಚಿಕೆಯಲ್ಲಿ ಇಷ್ಟನ್ನಾದರೂ ತಿದ್ದಿ ಪ್ರಕಟಿಸಬೇಕೆಂದು ವಿನಂತಿ.

ಇಂತಿ,
ಇತಿಹಾಸದ ಒಬ್ಬ ಓದುಗ